ಕಾರ್ಮೆಲಿಯಾ ಹಡಗಿನ ಟ್ರೇ ಹುಡುಕಿಕೊಂಡು ನರಸೀಪುರಕ್ಕೆ

ಕಾರ್ತಿಕ ಸೋಮವಾರ ನಂಜನಗೂಡಿನ ಬಸ್ಸು ಹತ್ತಬಾರದು ಎನ್ನುವುದನ್ನು ಆ ಊರಿನಲ್ಲೇ ಹುಟ್ಟಿ ಬೆಳೆದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹತ್ತಿದೆ. ಮಂಗಳವಾರದವರೆಗೆ ಕಾಯೋಣವೆಂದರೆ ಮನಸ್ಸು ಕೇಳಲಿಲ್ಲ. ಮೈಸೂರಿನ ನಿಲ್ದಾಣದಲ್ಲಿ ಎರಡು ಮೂರು ಬಸ್ಸು ಬಿಟ್ಟ ಮೇಲೆ ಒಂದರಲ್ಲಿ ಕಾಲಿಡಲು ಜಾಗ ಸಿಕ್ಕಿತು. ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ತೆಗೆದುಕೊಂಡೆ. "ದುಡ್ ಕೊಟ್ಟೋರು ನಿಂತ್ಕಬೇಕು, ಕೊಡ್ದೆ ಇದ್ದೋರು ಕೂತ್ಕಬೇಕು, ಇದ್ಯಾವ ನ್ಯಾಯ" ಎಂದು ಹಿಂದಿನಿಂದ ಒಬ್ಬ ಗೊಣಗಿದ. "ನಾನೂ ನಿಂತೇ ಇದ್ದೀನಲ್ಲಪ್ಪ, ಕಣ್ಣು ಕಾಣಲ್ವಾ" ಎಂದೆ. ಇಪ್ಪತ್ತೈದು ಕಿಲೋಮೀಟರಿನ ದಾರಿಗೆ ಒಂದೂಕಾಲು ಗಂಟೆ ಹಿಡಿಯಿತು. ಕಡಕೊಳ ದಾಟಿದ ಮೇಲೆ ಒಂದು ಸೀಟು ಸಿಕ್ಕಿತು, ಆದರೆ ಕೂರಲಾಗದೆ ಎದ್ದು ಬಾಗಿಲ ಹತ್ತಿರವೇ ಹೋಗಿ ನಿಂತೆ. ಸೀಟು ಬಿಟ್ಟುಕೊಟ್ಟೆನೆಂದು ಒಬ್ಬ ಅಜ್ಜಿ ನನಗೆ ಪುಣ್ಯ ಬರಲಿ ಎಂದು ಹರಸಿದಳು.

ನಾನು ಹೊರಟಿದ್ದು ಒಂದು ಕಾಫಿ ಟ್ರೇ ನೋಡಲು. ನಗಬೇಡಿ. ನಮ್ಮಪ್ಪ ಬಸಪ್ಪ ಮದುವೆಗೆ ಮುಂಚೆ ಬೊಂಬಾಯಿಯಲ್ಲಿ ಬಹಳ ವರ್ಷ ಇದ್ದವನು. ಊರಿಗೆಲ್ಲ ಅವನು ಹೇಳಿದ್ದು ಹೋಟೆಲಿನಲ್ಲಿ ಕೆಲಸ ಎಂದು. ನನಗೊಬ್ಬಳಿಗೆ ಮಾತ್ರ, ಅಮ್ಮ ಬಟ್ಟೆ ಒಗೆಯಲು ಹೊಳೆಗೆ ಹೋದಾಗ, ಬೇರೆ ಕಥೆ ಹೇಳುತ್ತಿದ್ದ. ತಾನಿದ್ದದ್ದು ಕಾರ್ಮೆಲಿಯಾ ಎಂಬ ದೊಡ್ಡ ಪ್ರಯಾಣಿಕ ಹಡಗಿನಲ್ಲಿ, ಬೊಂಬಾಯಿಯಿಂದ ಏಡನ್ ದಾಟಿ ಲಂಡನ್ನಿನವರೆಗೆ ಹೋಗುವ ಹಡಗು, ಕ್ಯಾಬಿನ್ನಿನವರಿಗೆ ಬೆಳಗಿನ ಕಾಫಿ ಹೊತ್ತುಕೊಡುವುದು ತನ್ನ ಕೆಲಸ ಎನ್ನುತ್ತಿದ್ದ. ಸಮುದ್ರ ಕೆರಳಿದ ದಿನ ಊಟದ ಮೇಜಿನ ಬಟ್ಟೆಗೆ ನೀರು ಚಿಮುಕಿಸುತ್ತಿದ್ದರಂತೆ, ಒದ್ದೆ ಬಟ್ಟೆಯ ಮೇಲೆ ತಟ್ಟೆ ಜಾರುವುದಿಲ್ಲವೆಂದು. ಕೊರಳಲ್ಲಿ ಲಿಂಗ ಕಟ್ಟಿದವನು, ಮಠಕ್ಕೆ ನಡೆದುಕೊಳ್ಳುವ ಮನೆಯವನು, ಮಾಂಸ ಬೇಯುವ ಹಡಗಿನಲ್ಲಿ ವರ್ಷಗಟ್ಟಲೆ ಇದ್ದನೆಂದು ಗೊತ್ತಾದರೆ ನಮ್ಮ ಬೀದಿ ಸುಮ್ಮನೆ ಬಿಡುತ್ತಿತ್ತೇ. ಅದಕ್ಕೇ ಅದು ಗುಟ್ಟು.

ಆ ಹಡಗಿನಿಂದ ಅವನು ತಂದದ್ದು ಒಂದೇ ವಸ್ತು: ಎರಡು ಹಿಡಿಯ, ಬೆಳ್ಳಿ ಲೇಪದ ಟ್ರೇ. ಹಳೆಯದಾಯಿತೆಂದು ಹಡಗಿನವರೇ ಕೊಟ್ಟಿದ್ದಂತೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮ ಅದನ್ನು ತನ್ನ ಚಿಕ್ಕಪ್ಪನ ಮಗಳು ಗೌರಮ್ಮನ ಮದುವೆಗೆ ಮುಯ್ಯಿ ಕೊಟ್ಟುಬಿಟ್ಟಳು. ಮುಯ್ಯಿ ಎಂದರೆ ಗೊತ್ತಲ್ಲ, ಇವತ್ತು ನಾವು ಕೊಟ್ಟದ್ದನ್ನು ನಮ್ಮ ಮನೆಯ ಮದುವೆಗೆ ಅವರು ಅಷ್ಟೇ ತೂಕದಲ್ಲಿ ತೀರಿಸಬೇಕು. ಪಾತ್ರೆಯ ತಳಕ್ಕೆ ಕೊಟ್ಟವರ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಹೊಡೆಸಿರುತ್ತಾರೆ, ನಾಳೆ ಮರೆತೆ ಎನ್ನಬಾರದಲ್ಲ. ಟ್ರೇ ಹೋದ ದಿನ ಅಪ್ಪ ಊಟ ಮಾಡದೆ ಎದ್ದು ತನ್ನ ಕಾಫಿಪುಡಿ ಅಂಗಡಿಗೆ ಹೋದ.

ಅಪ್ಪ ತೀರಿಕೊಂಡ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು ಊರಿನವರ ಪಾರ್ಸಲ್ಲನ್ನೆಲ್ಲ ಕಳಿಸಿದವಳು ನಾನು. ನಿವೃತ್ತಿಯಾದ ಮೇಲೆ ನನಗೇ ಪಾರ್ಸಲ್ಲು ಬರತೊಡಗಿದವು. ಕಾರ್ಮೆಲಿಯಾ ಹಡಗಿನದು ಎಂದು ಮೊಬೈಲಿನಲ್ಲಿ ಏನು ಕಂಡರೂ ತರಿಸಿಕೊಳ್ಳುವುದು. ಒಂದು ಚಮಚ, ಒಂದು ಆಷ್‌ಟ್ರೇ, ಕ್ಯಾಬಿನ್ ಬೀಗದ ಕೈಗೆ ಕಟ್ಟುವ ಹಿತ್ತಾಳೆ ಬಿಲ್ಲೆ, ಒಂದು ಊಟದ ಮೆನು ಕಾರ್ಡು. ಎಲ್ಲವನ್ನೂ ಗಾಜಿನ ಬೀರುವಿನಲ್ಲಿಟ್ಟು ಅಪ್ಪನ ಫೋಟೋದ ಕೆಳಗೆ ನಿಲ್ಲಿಸಿದ್ದೆ. ಹೋದ ತಿಂಗಳು ಕೊಚ್ಚಿಯಲ್ಲಿ ಹಳೆಯ ಹಡಗುಗಳ ಸಾಮಾನು ಕೂಡಿಡುವ ಹಿರಿಯರೊಬ್ಬರ ಪರಿಚಯವಾಯಿತು. ಉತ್ಸಾಹದಿಂದ ಫೋಟೋ ಕಳಿಸಿದೆ. ಅವರು ಬಹಳ ಮರ್ಯಾದೆಯಿಂದ ನನ್ನ ಹೊಟ್ಟೆಗೆ ಬೆಂಕಿ ಇಟ್ಟರು. ಬಿಲ್ಲೆಯ ಮೇಲಿರುವ ನಂಬರಿನ ಕ್ಯಾಬಿನ್ನೇ ಆ ಹಡಗಿನಲ್ಲಿರಲಿಲ್ಲವಂತೆ. ಆಷ್‌ಟ್ರೇಯ ಕಪ್ಪು ಆಸಿಡ್ಡಿನಿಂದ ಬರಿಸಿದ್ದು, ಕೈ ತಗಲುವ ಕಡೆಯಲ್ಲೂ ತಗಲದ ಕಡೆಯಲ್ಲೂ ಒಂದೇ ಬಣ್ಣವಿದೆ. ಮೆನು ಕಾರ್ಡು ಕಂಪ್ಯೂಟರಿನಲ್ಲಿ ಅಚ್ಚು ಮಾಡಿ ಟೀ ಡಿಕಾಕ್ಷನ್ನಿನಲ್ಲಿ ಅದ್ದಿದ್ದು. "ಚಮಚ ಮಾತ್ರ ನಿಜಕ್ಕೂ ಹಳೆಯದು, ಆದರೆ ಯಾವುದೋ ರೈಲ್ವೆ ಕ್ಯಾಂಟೀನಿನದು" ಎಂದರು.

ಆವತ್ತಿನಿಂದ ನನಗೆ ನಿದ್ದೆಯಿಲ್ಲ. ಸಾಮಾನು ನಕಲಿಯಾದರೆ ಹಾಳಾಗಿ ಹೋಗಲಿ. ಅವುಗಳ ಜೊತೆಗೆ ಅಪ್ಪನೂ ಅಲುಗಾಡತೊಡಗಿದ್ದು ನನಗೆ ತಡೆಯಲಾಗಲಿಲ್ಲ. ಒದ್ದೆ ಮೇಜುಬಟ್ಟೆಯ ಕಥೆಯನ್ನು ಯಾರಿಂದಲೋ ಕೇಳಿ ನನಗೆ ಹೇಳಿದ್ದನೇ? ನಂಜನಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ತಮ್ಮ ಮಾದೇವ ಮೊದಲಿನಿಂದಲೂ ಹೇಳುವುದು ಅದನ್ನೇ. ಅಪ್ಪ ಹಡಗು ಹತ್ತಿದವನೇ ಅಲ್ಲ, ಬಂದರಿನ ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತಿದ್ದ ಎಂದು. ನನಗೆ ಉಳಿದಿದ್ದ ಸಾಕ್ಷಿ ಆ ಟ್ರೇ ಒಂದೇ. ಚಿಕ್ಕಂದಿನಲ್ಲಿ ಅದರ ತಳವನ್ನು ನಾನು ತಿರುಗಿಸಿ ನೋಡಿರಲಿಲ್ಲ. ಅಲ್ಲಿ ಆ ಹಡಗಿನ ಮುದ್ರೆ, ಹಗ್ಗ ಸುತ್ತಿದ ಲಂಗರು, ಇದ್ದರೆ ಅಪ್ಪನ ಮಾತು ನಿಜ, ಇಲ್ಲದಿದ್ದರೆ ಇಲ್ಲ. ಹೆಮ್ಮರಗಾಲದಲ್ಲಿರುವ ಗೌರಮ್ಮ ಚಿಕ್ಕಮ್ಮನಿಗೆ ಹಿಂದಿನ ವಾರವೇ ಫೋನು ಮಾಡಿ, "ಅಮ್ಮ ಕೊಟ್ಟಿದ್ದ ಟ್ರೇ ಇದೆಯಾ" ಎಂದು ಕೇಳಿದ್ದೆ. "ಬಾ, ಮಾತಾಡವ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು.

ನಂಜನಗೂಡಿನ ನಿಲ್ದಾಣದಲ್ಲಿ ಮಾದೇವ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಕಾರ್ತಿಕ ಸೋಮವಾರ ಅವನು ಸಂಜೆಯವರೆಗೆ ಉಪವಾಸ, ಹಣೆ ತುಂಬ ವಿಭೂತಿ, ಮುಖ ತುಂಬ ಸಿಡುಕು.

"ದೇವ್ರ ನೋಡ್ಕಂಡು ಓಗದಾ?" ಎಂದ.

"ಆ ಸಾಲಿನಲ್ಲಿ ನಿಂತರೆ ನಾಳೆ ಬೆಳಿಗ್ಗೆ ಆಗುತ್ತೆ" ಎಂದು ಗೋಪುರಕ್ಕೆ ಅಲ್ಲಿಂದಲೇ ಕೈ ಮುಗಿದೆ. ಶ್ರೀಕಂಠೇಶ್ವರ ನನ್ನನ್ನು ಚಿಕ್ಕಂದಿನಿಂದ ಬಲ್ಲ, ಬೇಜಾರು ಮಾಡಿಕೊಳ್ಳುವುದಿಲ್ಲ.

ಬರಿಗೈಲಿ ಹೋಗಬಾರದೆಂದು ರಸ್ತೆ ಬದಿಯ ಗಾಡಿಯಲ್ಲಿ ಬಾಳೆಹಣ್ಣು ಕೇಳಿದೆ. "ರಸಬಾಳೆ ತಗಳಿ ಅವ್ವ, ನಂಜನಗೂಡ್ಗೆ ಬಂದು ಬೇರೆ ತಗತಾರಾ" ಎಂದ ಗಾಡಿಯವ. ಸಿಪ್ಪೆ ಹಿಡಿದು ನೋಡಿದೆ, ಮೂಸಿದೆ. ನಮ್ಮ ಮನೆಯ ಹಿತ್ತಲಲ್ಲಿ ರಸಬಾಳೆ ಇದ್ದ ಕಾಲಕ್ಕೆ ಒಂದು ಚಿಪ್ಪು ಒಳಕೋಣೆಯಲ್ಲಿಟ್ಟರೆ ಬೀದಿಬಾಗಿಲಿಗೆ ವಾಸನೆ ಬರುತ್ತಿತ್ತು. "ಇದು ರಸಬಾಳೆ ಅಲ್ಲ ಕಣಪ್ಪ" ಎಂದೆ. ಅವನು ಒಂದಿಷ್ಟೂ ನಾಚಲಿಲ್ಲ. "ಅಸಲಿ ಬೇಕು ಅಂದ್ರೆ ತ್ವಾಟದವ್ರ ಮನೆಗೇ ಓಗ್ಬೇಕು. ಇಲ್ಲಿ ಬರೋರಿಗೆ ರಸಬಾಳೆ ಅನ್ನೋ ಎಸ್ರು ಸಾಕು, ತಕ್ಕಂಡ್ ಓಯ್ತಾರೆ" ಎಂದ. ನನ್ನ ಬೀರುವನ್ನೇ ನೋಡಿ ಬಂದವನ ಹಾಗೆ ಮಾತಾಡಿದನಲ್ಲ ಎಂದು ಮೈಯೆಲ್ಲ ಉರಿಯಿತು. ಪಚ್ಚಬಾಳೆ ಎರಡು ಡಜನ್ ತೆಗೆದುಕೊಂಡೆ.

ಸ್ಕೂಟರಿನ ಹಿಂದೆ ಕೂತು ತಗಡೂರಿನ ಕಡೆ ಹೊರಟೆವು. ಬೆಳಗಿನ ಚಳಿ ಬಿಟ್ಟಿರಲಿಲ್ಲ. ಗದ್ದೆಗಳಲ್ಲಿ ಭತ್ತ ಬಾಗಿತ್ತು, ರಸ್ತೆಯ ಒಂದು ಬದಿಗೆ ಹುರುಳಿ ಗಿಡ ಒಣಹಾಕಿದ್ದರು, ವಾಹನ ಅದರ ಮೇಲೆ ಹೋದಷ್ಟೂ ಕಾಳು ಬಿಡುತ್ತದೆಂದು. ನಾನು ಹಿಂದಿನಿಂದ ಅವನ ಕಿವಿಗೆ ಮಾತು ತುಂಬುತ್ತಲೇ ಇದ್ದೆ.

"ಅಪ್ಪ ಹಡಗು ಹತ್ತಲಿಲ್ಲ ಅಂತ ನಿನಗೆ ಹೇಳಿದ್ದು ಯಾರು?"

"ಯಾರೋ ಯೋಳುದ್ರು. ಬುಡಕ್ಕ."

"ಯಾರೋ ಅಂದರೆ?"

"ರೋಡ್ ನೋಡ್ಲಾ, ನಿನ್ ಜೊತೆ ವಾದ ಮಾಡ್ಲಾ?" ಎಂದು ಗೇರು ಬದಲಿಸಿದ.

ಇಷ್ಟು ಬೇಸರವಿದ್ದವನು ಯಾಕೆ ಬಂದೆ ಎಂದು ಕೇಳಿದೆ. ನೀನೊಬ್ಬಳೇ ಹೋದರೆ ಸಂಬಂಧ ಕೆಡಿಸಿಕೊಂಡು ಬರುತ್ತೀಯ, ಅದಕ್ಕೇ ಎಂದ. ತಗಡೂರಿನಲ್ಲಿ ನಾನು ಟೀ ಕುಡಿದೆ, ಉಪವಾಸದವನು ಅಂಗಡಿಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಯೂರಿಯಾ ಲೋಡು ಎಲ್ಲಿಗೆ ಬಂತೆಂದು ವಿಚಾರಿಸಿದ. ಅರ್ಧ ಲೋಟ ಬಿಟ್ಟು ನಾನೇ ಎದ್ದೆ.

ಹೆಮ್ಮರಗಾಲದಲ್ಲಿ ಗೌರಮ್ಮ ಚಿಕ್ಕಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಎಪ್ಪತ್ತು ದಾಟಿದ ವಯಸ್ಸು, ಬೆನ್ನು ಇನ್ನೂ ನೆಟ್ಟಗೆ. ನಮ್ಮನ್ನು ಕಂಡು ಎದ್ದಳು, ಚಾಪೆ ಹಾಸಿದಳು, ನೀರು ಕೊಟ್ಟಳು. ಎಲ್ಲ ಸರಿಯಾಗಿಯೇ ಇತ್ತು, ಆದರೆ ಮುಖ ಗಂಟಾಗಿತ್ತು. ಬಾಳೆಹಣ್ಣನ್ನು ತೆಗೆದುಕೊಂಡು ಪಕ್ಕಕ್ಕಿಟ್ಟು, "ನಿಮ್ಮವ್ವ ನಂಗೆ ಒಡ್ದಂಗೆ ಮಾತಾಡ್ದವ್ಳಲ್ಲ. ನೀನು ಕೊಟ್ಟಿದ್ದ ಕೇಳಕ್ ಬಂದ್ಬುಟ್ಟಲ್ಲವ್ವ" ಎಂದಳು.

"ಕೇಳಕ್ಕಲ್ಲ ಚಿಕ್ಕಮ್ಮ, ನೋಡಕ್ಕೆ ಅಷ್ಟೇ."

"ನೋಡಕ್ಕೆ ಅಂತ ಯಾರಾದ್ರೂ ಈಟ್ ವರ್ಸ ಆದ್ಮೇಲೆ ಬತ್ತಾರಾ? ಮಾದೇವನ್ ಮದ್ವೆಗೆ ನಾನು ತಿರುಗ್ಸಿ ಕೊಳಗ ಕೊಟ್ಟಿವ್ನಿ. ಇಂಡಾಲಿಯಂ ಅಲ್ಲ, ತಾಮ್ರದ್ದು. ನಿಮ್ಮವ್ವನೇ ತೂಗಿ ನೋಡಿದ್ಲು. ಮುಯ್ಯಿ ಉಳಿಸ್ಕಂಡ ಮನೆ ಅಲ್ಲ ನಮ್ದು."

ನನಗೆ ಆಗ ಹೊಳೆಯಿತು ನಾನು ಫೋನಿನಲ್ಲಿ ಆಡಿದ ಮಾತಿನ ಅರ್ಥ. ಈ ಸೀಮೆಯಲ್ಲಿ ಕೊಟ್ಟ ಪಾತ್ರೆ ಇದೆಯಾ ಎಂದು ಯಾರಾದರೂ ಕೇಳಿದರೆ ಅದಕ್ಕಿರುವುದು ಒಂದೇ ಅರ್ಥ, ನೀವು ಇನ್ನೂ ತೀರಿಸಿಲ್ಲ ಎಂದು. ಮೈಸೂರಿಗೆ ಹೋಗಿ ಕೂತು ಇಷ್ಟೂ ಮರೆತಿದ್ದೆನಲ್ಲ. ಮಾದೇವ ನನ್ನನ್ನು ದುರುಗುಟ್ಟಿ ನೋಡಿದ. ಚಿಕ್ಕಮ್ಮನ ಕೈ ಹಿಡಿದುಕೊಂಡು ಅಪ್ಪನ ನೆನಪಿಗಾಗಿ ಒಮ್ಮೆ ನೋಡಬೇಕು, ಅಷ್ಟೇ, ಬೇರೇನೂ ಇಲ್ಲ ಎಂದು ಹೇಳಿ ಹೇಳಿ ಸಾಕಾಯಿತು. ಹಡಗಿನ ಮಾತು ಎತ್ತುವಂತಿರಲಿಲ್ಲ. ಕಡೆಗೆ ಅವಳು ಮೆತ್ತಗಾದಳು. ಟ್ರೇ ಅವಳಲ್ಲಿರಲೇ ಇಲ್ಲ. ಗಂಡನ ತಂಗಿಯ ಮಗಳು ರಾಜಮ್ಮನ ಮದುವೆಗೆ ಮುಯ್ಯಿ ಕೊಟ್ಟಾಗಿತ್ತು, ರಾಜಮ್ಮ ತಿ. ನರಸೀಪುರದಲ್ಲಿದ್ದಾಳೆ.

"ಮೊನ್ನೆನೇ ಫೋನ್ ಮಾಡಿ ಯೋಳಿವ್ನಿ, ಬಸಪ್ಪನ ಮಗ್ಳು ಬತ್ತಾಳೆ, ಟ್ರೇ ಕೇಳ್ತಾಳೆ ಅಂತ. ಅವ್ಳು ಎಲ್ಲಾ ತಯಾರ್ ಮಾಡ್ಕಂಡವ್ಳೆ" ಎಂದಳು.

ಏನು ತಯಾರಿ ಎಂದು ಆ ಹೊತ್ತಿಗೆ ನಾನು ಕೇಳಬೇಕಿತ್ತು. ಕೇಳಲಿಲ್ಲ. ರೊಟ್ಟಿ ತಿಂದೇ ಹೋಗಬೇಕೆಂದು ಚಿಕ್ಕಮ್ಮ ಹಠ ಹಿಡಿದಳು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೆಣ್ಣೆ. ಬೇರೆ ದಿನವಾಗಿದ್ದರೆ ಮೂರು ಹಾಕಿಸಿಕೊಳ್ಳುತ್ತಿದ್ದೆ, ಅವತ್ತು ಅರ್ಧವೂ ಇಳಿಯಲಿಲ್ಲ.

ನರಸೀಪುರದ ದಾರಿ ಉದ್ದಕ್ಕೂ ಕಬ್ಬಿನ ಲಾರಿಗಳು. ಒಂದನ್ನು ದಾಟಿದರೆ ಮುಂದೆ ಇನ್ನೊಂದು, ಜೊತೆಗೆ ಬಿಸಿಲು ಬೇರೆ ಏರಿತ್ತು. ದಾಟು ದಾಟು ಎಂದು ನಾನು ಮಾದೇವನ ಭುಜ ತಿವಿಯುತ್ತಿದ್ದೆ. "ಟ್ರೇ ಎಲ್ಗೂ ಓಡೋಗಲ್ಲ, ನಾವು ಆಸ್ಪತ್ರೆಗೆ ಓಯ್ತೀವಿ" ಎಂದ. ಕಬಿನಿಯ ಸೇತುವೆಯ ಮೇಲೆ ಗಾಳಿ ತಣ್ಣಗೆ ಬಂತು. ಪೇಟೆಬೀದಿ ದಾಟಿ, ಹಿಟ್ಟಿನ ಗಿರಣಿಯೊಂದರ ಪಕ್ಕದ ಮನೆಯ ಮುಂದೆ ನಿಂತೆವು. ಗಿರಣಿ ರಾಜಮ್ಮನ ಗಂಡ ಗುರುಸ್ವಾಮಿಯದು. ಅವತ್ತು ಅದಕ್ಕೆ ಬೀಗ ಹಾಕಿತ್ತು, ನಮಗಾಗಿ ರಜೆ.

ಬಾಗಿಲಲ್ಲಿ ರಂಗೋಲಿ, ತೊಳೆದ ನಡುಮನೆ, ಹೊಸ ಜಮಖಾನ. ರಾಜಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಕಾಯೊಬ್ಬಟ್ಟಿನ ವಾಸನೆ ಬರುತ್ತಿತ್ತು. ಟ್ರೇ ಎಲ್ಲಿ ಎಂದು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡು ಊಟಕ್ಕೆ ಕೂತೆ. ಊಟವಾದ ಮೇಲೆ ನನಗೆ ಅರಿಶಿನ ಕುಂಕುಮ ಕೊಟ್ಟು, ಮಡಿಲಿಗೆ ರವಿಕೆ ಬಟ್ಟೆ, ಎಲೆ ಅಡಿಕೆ, ತೆಂಗಿನಕಾಯಿ ಹಾಕಿದಳು. ಗುರುಸ್ವಾಮಿ ಒಳಗಿನಿಂದ ಹೊಸ ಟವಲಿನಲ್ಲಿ ಸುತ್ತಿದ ಒಂದು ಗಂಟು ತಂದು ಎರಡೂ ಕೈಯಲ್ಲಿ ನೀಡಿದ.

"ನಿಮ್ದು ನಿಮಗೆ ಸೇರ್ತು ಅಕ್ಕ. ತಪ್ಪಿದ್ರೆ ಒಟ್ಟೇಗಾಕ್ಕಳಿ" ಎಂದ.

ಬಿಚ್ಚಿದೆ. ಕಣ್ಣು ಕುಕ್ಕುವ ಹಾಗೆ ಹೊಳೆಯಿತು. ಬೆಳ್ಳಿಯ ಬಿಳಿ ಅಲ್ಲಲ್ಲಿ ಹೋಗಿ ಒಳಗಿನ ಹಳದಿ ಲೋಹ ಕಾಣುತ್ತಿತ್ತು. ತಿರುಗಿಸಿದೆ. ತಳ ನುಣ್ಣಗಿತ್ತು. ಮುದ್ರೆಯಿಲ್ಲ, ಅಮ್ಮ ಹೊಡೆಸಿದ್ದ ಹೆಸರಿಲ್ಲ, ಗೌರಮ್ಮನದಿಲ್ಲ. ನಡುವೆ ಹೊಸ ಚುಕ್ಕೆಗಳಲ್ಲಿ, "ದಿವಂಗತ ಬಸಪ್ಪನವರ ಜ್ಞಾಪಕಾರ್ಥ, ರಾಜಮ್ಮ ಗುರುಸ್ವಾಮಿ, ತಿ. ನರಸೀಪುರ" ಎಂದಿತ್ತು.

"ತಳದಲ್ಲಿದ್ದ ಹಳೇದು ಏನಾಯ್ತು?" ಎಂದೆ.

"ಎಲ್ಲಾ ಉಜ್ಜುಸ್ಬುಟ್ಟೆ ಅಕ್ಕ" ಎಂದಳು ರಾಜಮ್ಮ ಸಂತೋಷದಿಂದ. "ಕಂಡೋರ್ ಎಸ್ರೆಲ್ಲಾ ಇರೋ ಪಾತ್ರೆನ ಮುಯ್ಯಿ ತಿರುಗ್ಸಿದ್ರೆ ನಾಳೆ ನಾಕ್ ಜನ ನಗಾಡಲ್ವಾ? ಪಾತ್ರೆ ಅಂಗ್ಡೀಲಿ ಮಿಷಿನ್ ಕೊಟ್ಟು ಉಜ್ಜಿ, ಪಾಲಿಶ್ ಮಾಡಿ ಕೊಟ್ರು. ಎರಡ್ ದಿವ್ಸ ಆಯ್ತು ಅವ್ರಿಗೆ. ಒಳ್ಳೆ ಗಟ್ಟಿ ಮಾಲು ಅಂದ್ರು."

ಬಯ್ಯುವುದಾದರೂ ಹೇಗೆ. ಮೊಮ್ಮಕ್ಕಳನ್ನು ಕಂಡ ಹೆಂಗಸು ರೇಷ್ಮೆ ಸೀರೆ ಉಟ್ಟು, ಗಂಡನ ಗಿರಣಿಗೆ ಬೀಗ ಹಾಕಿಸಿ, ಇರದ ಬಾಕಿಯನ್ನು ಇಷ್ಟು ಮರ್ಯಾದೆಯಿಂದ ತೀರಿಸುತ್ತಿದ್ದಾಳೆ. ಆದರೂ ಸುಮ್ಮನಿರಲಾಗಲಿಲ್ಲ. ಗುರುಸ್ವಾಮಿಯ ಕಡೆ ತಿರುಗಿ, "ಅಂಗಡಿಗೆ ಕೊಡೋ ಮುಂಚೆ ತಳ ನೋಡಿದ್ರಾ? ಲಂಗರಿನ ಚಿತ್ರ ಇತ್ತಾ?" ಎಂದೆ.

"ಇತ್ತು ಅಕ್ಕ" ಎಂದ ತಕ್ಷಣ.

ನಾನು ಮುಂದಕ್ಕೆ ಸರಿದೆ. "ಲಂಗರಿನ ಸುತ್ತ ಹಗ್ಗ?"

"ಅಗ್ಗನೂವೆ ಇತ್ತು."

ಅಷ್ಟರಲ್ಲಿ ನನಗೆ ಅನುಮಾನ ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು, ನಾನು ಕಾಣದ್ದನ್ನೇ ನಂಬಲು ಹೊರಟಿದ್ದೆ. "ಪಕ್ಕದಲ್ಲಿ ಒಂದು ಆನೆ?" ಎಂದೆ.

"ಆನೆನೂ ಇದ್ದಂಗಿತ್ತು ಕಣಕ್ಕ" ಎಂದ ಆ ಪುಣ್ಯಾತ್ಮ. ಬಂದ ನೆಂಟಳು ಏನು ಕೇಳಿದರೂ ಇಲ್ಲ ಎನ್ನಬಾರದೆಂದು ತೀರ್ಮಾನ ಮಾಡಿಕೊಂಡಿದ್ದ. ನನಗೆ ಮೊಬೈಲಿನಲ್ಲಿ ಸಾಮಾನು ಮಾರಿದವರೂ ಹೀಗೆಯೇ ಮಾಡಿದ್ದು, ನಾನು ಏನು ಕೇಳುತ್ತಿದ್ದೆನೋ ಅದಕ್ಕೆಲ್ಲ ಹೌದು ಎಂದಿದ್ದರು. ವ್ಯತ್ಯಾಸವೆಂದರೆ ಇವನು ಪ್ರೀತಿಯಿಂದ ಅಂದ. ಮಾದೇವ ಎದ್ದು ಹೊರಗೆ ಹೋದ. ನಾನು ಟ್ರೇಯನ್ನು ಟವಲಿನಲ್ಲಿ ಸುತ್ತಿಕೊಂಡು, ರಾಜಮ್ಮನಿಗೆ ಬಹಳ ಚೆನ್ನಾಗಿ ಮಾಡ್ಸಿದ್ದೀಯ ಕಣಮ್ಮ ಎಂದು ಹೇಳಿ ಹೊರಟೆ. ಅವಳು ಬೀದಿಯ ತಿರುವಿನವರೆಗೆ ಬಂದು ಕಳಿಸಿದಳು.

ಮೈಸೂರು ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊಳೆಯ ಹತ್ತಿರ ಹೋಗೋಣ ಎಂದೆ. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಕೆಳಗಿನ ಮೆಟ್ಟಿಲಲ್ಲಿ ಕೂತೆವು. ಎದುರಿಗೆ ಕಾವೇರಿಯೂ ಕಬಿನಿಯೂ ಕೂಡುವ ಜಾಗ. ತೆಪ್ಪದವನೊಬ್ಬ "ಸಂಗಮ ನೋಡ್ಕಂಡ್ ಬರ್ತೀರಾ ಅವ್ವ" ಎಂದು ಕೇಳಿದ, ಬೇಡವೆಂದೆ. ಮಾದೇವ ಮುಖ ತೊಳೆಯಲು ಕೆಳಗಿನ ಮೆಟ್ಟಿಲಿಗೆ ಇಳಿದ. ಅಳೋಣವೆಂದರೆ ಅಳು ಬರುತ್ತಿರಲಿಲ್ಲ, ಕೂತರೆ ಕೂರಲಾಗುತ್ತಿರಲಿಲ್ಲ. ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹಿಡಿಯನ್ನು ಸುಮ್ಮನೆ ಸವರುತ್ತಿದ್ದೆ.

ಹಿಡಿಯ ಒಳಬದಿಯಲ್ಲಿ, ಅದು ಟ್ರೇಗೆ ಕೂಡುವ ಸಂದಿಯಲ್ಲಿ, ಹೆಬ್ಬೆರಳಿಗೆ ಏನೋ ತಡೆಯಿತು. ಪಾಲಿಶ್ ಚಕ್ರ ಅಲ್ಲಿಗೆ ಹೋಗಲು ಸಾಧ್ಯವಿಲ್ಲ, ಅಲ್ಲಿನ ಕಪ್ಪು ಹಾಗೇ ಇತ್ತು. ಕನ್ನಡಕ ಏರಿಸಿ, ಮೊಬೈಲಿನ ಟಾರ್ಚು ಬಿಟ್ಟು, ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಅಕ್ಕಿಕಾಳಿಗಿಂತ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಕಾರ್ಮೆಲಿಯಾ ಎಂದು ಒತ್ತಿತ್ತು. ಯಾರ ಕಣ್ಣಿಗೂ ಬೀಳದ ಇಂಥ ಸಂದಿಯಲ್ಲಿ ನಕಲಿ ಮಾಡುವವನು ಹೆಸರು ಒತ್ತುವುದಿಲ್ಲ, ಅದರಿಂದ ಅವನಿಗೆ ಲಾಭವಿಲ್ಲ. ಅದರ ಪಕ್ಕದಲ್ಲಿ ಸೂಜಿಯಿಂದಲೋ ಪಿನ್ನಿನಿಂದಲೋ ಗೀಚಿದ ಮೂರು ಅಡ್ಡಗೀಟು, ನಡುವೆ ಒಂದು ಚುಕ್ಕೆ. ವಿಭೂತಿ. ಮನೆಯ ಪಾತ್ರೆಗೆ ನಮ್ಮವರು ಯಾರೂ ಹೀಗೆ ಗುರುತು ಹಾಕುವುದಿಲ್ಲ, ಹೆಸರು ಹೊಡೆಸುತ್ತಾರೆ. ಒಂದೇ ಥರದ ನೂರು ಟ್ರೇಗಳ ನಡುವೆ ತನ್ನದು ಯಾವುದೆಂದು ಪ್ರತಿದಿನ ಹುಡುಕಿಕೊಳ್ಳಬೇಕಾದವನು, ಬೇರೆಯವರು ಅದರಲ್ಲಿ ಮಾಂಸ ಹೊರಬಾರದೆಂದು ಜೋಪಾನ ಮಾಡುವವನು ಹಾಕಿಕೊಂಡ ಗುರುತು ಅದು. ನಮ್ಮಪ್ಪ. ಆ ಮೆಟ್ಟಿಲ ಮೇಲೆ ಕೂತು ನನಗಾದ ಸಂತೋಷವನ್ನು ಹೇಳಲಾರೆ. "ಮಾದೇವ, ಬಾ ಇಲ್ಲಿ" ಎಂದು ಕೂಗಿದೆ.

ಅವನು ಮುಖ ಒರೆಸಿಕೊಳ್ಳುತ್ತಾ ಬಂದು ಒಂದು ಮೆಟ್ಟಿಲು ಕೆಳಗೆ, ನನಗೆ ಬೆನ್ನು ಮಾಡಿ ಕೂತ. ನಾನು ಬಾಯಿ ತೆಗೆಯುವ ಮೊದಲೇ ಅವನು ಶುರು ಮಾಡಿದ.

"ಅಳ್ಸೋಗಿದ್ದೇ ಒಳ್ಳೇದಾಯ್ತು ಅಕ್ಕ. ನಂಗೂ ಬೆಳಗಿಂದ ಎದೆ ಒಡ್ಕತಿತ್ತು, ಅದ್ರಲ್ಲಿ ಏನಿರ್ತದೋ ಅಂತ."

"ನಿನಗ್ಯಾಕೆ ಎದೆ ಹೊಡ್ಕೋಬೇಕು?"

"ನನ್ ಮದ್ವೆ ಮಾತುಕತೆ ದಿವ್ಸ ನೀನಿರ್ಲಿಲ್ಲ. ಬಾಣಂತನ ನಿಂದು. ಮಾವನ ಕಡೆಯೋರು ನಾಕ್ ಜನ ಕೂತಿದ್ರು. ಯಾರೋ ಅವರ ಕಿವಿ ಕಚ್ಚಿದ್ರು. ಬಸಪ್ಪನೋರೇ, ಬೊಂಬಾಯಲ್ಲಿ ಹಡಗಲ್ಲಿದ್ರಂತೆ, ಮಾಂಸ ಮಡ್ಡಿ ಹೊತ್ತಿದ್ರಂತೆ, ಅಂಥಾ ಮನೆಗೆ ನಾವು ಹೆಣ್ ಕೊಡಲ್ಲ, ನಿಜ ಯೋಳಿ ಅಂದ್ರು. ಅಪ್ಪ ಎದ್ದ. ಅಂಗಿ ಒಳಗಿಂದ ಲಿಂಗ ತಗ್ದು ಅಂಗೈಲಿಟ್ಕಂಡ. ನಾನು ಹಡಗು ಹತ್ತಿದೋನೇ ಅಲ್ಲ, ಬಂದರಿನ ಕ್ಯಾಂಟೀನಲ್ಲಿದ್ದೆ ಅಂದ. ನಾನು ಬಾಗ್ಲಲ್ಲಿ ನಿಂತಿದ್ದೆ ಅಕ್ಕ. ಅವ್ನು ಮಾತಾಡುವಾಗ ನನ್ ಮುಖನೇ ನೋಡ್ತಿದ್ದ."

ಟವಲನ್ನು ಟ್ರೇಯ ಮೇಲೆ ಎಳೆದುಕೊಂಡೆ.

"ನೀನು ಹಡಗು ಹಡಗು ಅಂದಾಗೆಲ್ಲ ನಂಗೆ ಒಂದೇ ಯೋಚ್ನೆ" ಎಂದ ಮಾದೇವ. "ಅದು ನಿಜ ಆದ್ರೆ, ನಮ್ಮಪ್ಪ ಲಿಂಗ ಹಿಡ್ಕಂಡು ಸುಳ್ಳಾಡ್ದ. ನನಗೋಸ್ಕರ. ದಿನಾ ಪೂಜೆಗೆ ಕೂತಾಗ ಅದೇ ನೆಪ್ಪಾಯ್ತದೆ. ನನ್ ಸಂಸಾರ, ನನ್ ಮಕ್ಳು, ಎಲ್ಲಾ ಅಪ್ಪನ ಆ ಪಾಪದ ಮೇಲೆ ನಿಂತದೆ ಅನ್ಸಿ ಒಂದೊಂದ್ ದಿನ ಊಟ ಸೇರಲ್ಲ." ಆಮೇಲೆ ನನ್ನ ಕಡೆ ತಿರುಗಿದ. ಅವನ ವಯಸ್ಸು ಐವತ್ತೇಳು, ಮೀಸೆ ಪೂರ್ತಿ ಬೆಳ್ಳಗಾಗಿದೆ. "ನೀನು ಈ ಮಾಲೆಲ್ಲ ನೋಡ್ದೋಳು. ನಿಂಗ್ ಗೊತ್ತಾಯ್ತದೆ. ಇದು ಹಡಗಿಂದಾ, ಸಂತೇದಾ?"

"ಸಂತೇದು" ಎಂದೆ.

"ನನ್ ಸಮಾಧಾನಕ್ಕೆ ಯೋಳ್ಬೇಡ. ಲಿಂಗ ಮುಟ್ಟಿ ಯೋಳು."

ನನ್ನ ಕೊರಳಲ್ಲೂ ಇದೆ. ಅಪ್ಪ ಹೋದ ಮೇಲೆ ನಾನು ಪೂಜೆ ತಪ್ಪಿಸಿದ ದಿನಗಳಿವೆ, ಆದರೆ ಅದನ್ನು ಮುಟ್ಟಿ ಇಲ್ಲದ್ದನ್ನು ಆಡಿದವಳಲ್ಲ. ಸೆರಗಿನೊಳಗೆ ಕೈ ಹಾಕಿ ಲಿಂಗವಿರುವ ಕರಡಿಗೆಯನ್ನು ಹಿಡಿದುಕೊಂಡೆ. ತಮ್ಮನ ಮುಖ ನೋಡುತ್ತಾ ಹೇಳಿದೆ: "ಇದು ಸಂತೆ ಮಾಲು ಕಣೋ. ನಕಲಿ ಅಂತ ನೋಡ್ತಿದ್ದ ಹಾಗೇ ಗೊತ್ತಾಯ್ತು. ಅಪ್ಪ ಹಡಗು ಹತ್ತಿಲ್ಲ. ನನ್ನನ್ನು ನಗಿಸಕ್ಕೆ ಕಥೆ ಕಟ್ಟಿ ಹೇಳ್ತಿದ್ದ ಅಷ್ಟೇ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಕೈ ತೆಗೆದಾಗ ಕಣ್ಣು ಕೆಂಪಾಗಿತ್ತು.

"ಅಂಗಾರೆ ಅಪ್ಪ ಆವತ್ತು ಸುಳ್ಳಾಡ್ಲಿಲ್ಲ."

"ಇಲ್ಲ ಕಣೋ."

ಬಸ್ ನಿಲ್ದಾಣಕ್ಕೆ ಬರುವಾಗ ಸ್ಕೂಟರನ್ನು ಬಹಳ ನಿಧಾನ ಓಡಿಸಿದ. ಉಪವಾಸ ಬಿಡಲು ಹೊತ್ತಾಯಿತೆಂದು ಹೋಟೆಲಿನಲ್ಲಿ ಮಸಾಲೆದೋಸೆ ತಿಂದ, ನನಗೂ ಒಂದು ಹೇಳಿದ. ಗೊಬ್ಬರದ ಲೋಡಿನ ವಿಷಯ, ಹಿರಿಯ ಮಗಳು ತವರಿಗೆ ಬರುವ ವಿಷಯ, ಎಲ್ಲ ಮಾತಾಡಿದ. ಟ್ರೇ ನೀನೇ ಇಟ್ಟುಕೋ ಎಂದು ನಾನೇ ಕೊಟ್ಟೆ. "ಸಂತೆ ಮಾಲಾದ್ರೂ ಗಟ್ಟಿ ಐತೆ. ಅಪ್ಪನ ಎಸ್ರು ಬೇರೆ ಹೊಡ್ಸವ್ರೆ. ಮನೇಗೆ ಬಂದೋರ್ಗೆ ಇದ್ರಲ್ಲೇ ಕಾಫಿ ಕೊಡ್ತೀನಿ" ಎಂದ. ಹಿಡಿಯ ಸಂದಿಗೆ ಯಾರೂ ಟಾರ್ಚು ಬಿಟ್ಟು ನೋಡುವುದಿಲ್ಲ. ನಂಜನಗೂಡಿನ ಕಡೆಯ ಓದುಗರಲ್ಲಿ ಒಂದೇ ಕೋರಿಕೆ, ನನ್ನ ತಮ್ಮ ಗೊಬ್ಬರದ ರೇಟಿನ ಹೊರತು ಬೇರೇನೂ ಓದುವವನಲ್ಲ, ಇದನ್ನು ಅವನ ಮುಂದೆ ಆಡಬೇಡಿ.

ಮೈಸೂರು ಬಸ್ಸು ಬಂದಾಗ ಕತ್ತಲೆ ಇಳಿಯುತ್ತಿತ್ತು. ಈ ಸಲ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹಿಂದಿರುಗಿ ನೋಡಿದೆ. ಮಾದೇವ ಸ್ಕೂಟರಿನ ಮುಂದೆ ಬಗ್ಗಿ, ಟ್ರೇಯನ್ನು ಟವಲಿನಿಂದ ಬಿಗಿಯಾಗಿ ಕಟ್ಟುತ್ತಿದ್ದ. ಕೈ ಬೀಸಿದೆ, ಅವನೂ ನಗುತ್ತಾ ಬೀಸಿದ. ಆಗ ನೋಡಿಕೊಂಡೆ, ನನ್ನ ಇನ್ನೊಂದು ಕೈ ಯಾವಾಗಲೋ ಸೆರಗಿನೊಳಗೆ ಹೋಗಿ ಕರಡಿಗೆಯನ್ನು ಬಿಗಿಯಾಗಿ ಹಿಡಿದಿತ್ತು. ಬನ್ನೂರಿನ ತಿರುವು ದಾಟಿದರೂ ಅದನ್ನು ಬಿಡಲಾಗಲಿಲ್ಲ. ಮಗನ ಮುಖ ನೋಡುತ್ತಾ ಅಪ್ಪ ಆವತ್ತು ಆ ಮಾತನ್ನು ಹೇಗೆ ಹೇಳಿದನೆಂದು ನಾನು ಇನ್ನು ಯಾರನ್ನೂ ಕೇಳಬೇಕಾಗಿಲ್ಲ.